ಒಳಾಂಗಣ ಸೈಕ್ಲಿಂಗ್ ತರಗತಿ: ಲಯ ಎಲ್ಲರದು, ಭಾರ ಅವರವರದು

ಒಳಾಂಗಣ ಗುಂಪು ಸೈಕ್ಲಿಂಗ್ ಎಂದರೆ, ನೆಲದ ಮೇಲೆ ಅಲುಗಾಡದಂತೆ ನಿಲ್ಲಿಸಿದ ಸೈಕಲ್ಲುಗಳನ್ನು ಹತ್ತಾರು ಜನ ಒಂದೇ ಕೋಣೆಯಲ್ಲಿ, ಒಬ್ಬ ತರಬೇತುದಾರರ ಸೂಚನೆಯಂತೆ, ಹಾಡಿನ ಲಯಕ್ಕೆ ಹೊಂದಿಸಿಕೊಂಡು ಮುಕ್ಕಾಲು ಗಂಟೆಯಷ್ಟು ಹೊತ್ತು ತುಳಿಯುವ ವ್ಯಾಯಾಮ. ಬೆಂಗಳೂರಿನ ಜಿಮ್‌ಗಳಲ್ಲಿ ಇದನ್ನು ಬಹುಮಟ್ಟಿಗೆ ‘ಸ್ಪಿನ್ ಕ್ಲಾಸ್’ ಎಂದೇ ಕರೆಯುತ್ತಾರೆ. ರಸ್ತೆಯ ಮೇಲೆ ಗುಂಪಾಗಿ ಹೊರಟ ಸವಾರರಲ್ಲಿ ಶಕ್ತಿ ಕಡಿಮೆಯಿದ್ದವರು ಸ್ವಲ್ಪ ಹೊತ್ತಿನಲ್ಲೇ ಹಿಂದೆ ಬೀಳುತ್ತಾರೆ. ಆದರೆ ಈ ಕೋಣೆಯಲ್ಲಿ ಯಾರೂ ಮುಂದೆ ಹೋಗುವುದಿಲ್ಲ, ಯಾರೂ ಹಿಂದೆ ಉಳಿಯುವುದೂ ಇಲ್ಲ. ಅರವತ್ತು ದಾಟಿದವರು ಇಪ್ಪತ್ತೈದರ ಹರೆಯದವರ ಪಕ್ಕದಲ್ಲಿ ಕುಳಿತು, ಅದೇ ಹಾಡಿಗೆ, ಅದೇ ವೇಗದಲ್ಲಿ, ತಮಗೆ ತಕ್ಕಷ್ಟೇ ಭಾರವನ್ನು ಇಟ್ಟುಕೊಂಡು ತುಳಿಯಬಹುದು. ಈ ಸಾಧ್ಯತೆಗೆ ಕಾರಣ ಸೈಕಲ್ಲಿನ ಚೌಕಟ್ಟಿನ ಮೇಲಿರುವ, ಬಲಕ್ಕೆ ತಿರುಗಿಸಿದರೆ ಪೆಡಲನ್ನು ಬಿಗಿಗೊಳಿಸುವ, ಎಡಕ್ಕೆ ತಿರುಗಿಸಿದರೆ ಹಗುರಗೊಳಿಸುವ ಒಂದು ಸಣ್ಣ ನಾಬ್. ಈ ವ್ಯಾಯಾಮದ ದೊಡ್ಡ ಗುಣವೂ ಅದರ ಮುಖ್ಯ ಅಪಾಯವೂ ಆ ನಾಬಿನಲ್ಲಿಯೇ ಇರುವುದರಿಂದ, ಹೊಸದಾಗಿ ತರಗತಿಗೆ ಸೇರುವವರು ಹಾಡು, ದೀಪ, ಉಡುಪುಗಳಿಗಿಂತ ಮೊದಲು ಅದನ್ನು ಅರ್ಥಮಾಡಿಕೊಳ್ಳಬೇಕು.

ನಿಂತಲ್ಲೇ ನಿಂತ ಯಂತ್ರದ ಮೇಲೆ ಕಾಲಾಡಿಸಿ ಆರೋಗ್ಯ ಪಡೆಯುವ ಯೋಚನೆ ಹಳೆಯದು. ಇಂಗ್ಲೆಂಡಿನ ಫ್ರಾನ್ಸಿಸ್ ಲೌಂಡ್ಸ್ 1796ರಲ್ಲಿ ‘ಜಿಮ್ನಾಸ್ಟಿಕಾನ್’ ಎಂಬ, ಕೈಕಾಲುಗಳೆರಡನ್ನೂ ಚಕ್ರಗಳ ಮೂಲಕ ಆಡಿಸುವ ಯಂತ್ರಕ್ಕೆ ಪೇಟೆಂಟ್ ಪಡೆದಿದ್ದರು. 1912ರಲ್ಲಿ ಮುಳುಗಿದ ಟೈಟಾನಿಕ್ ಹಡಗಿನ ವ್ಯಾಯಾಮಶಾಲೆಯಲ್ಲಿಯೂ ಸ್ಥಿರ ಸೈಕಲ್ಲುಗಳಿದ್ದವು. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಸ್ವೀಡನ್ನಿನ ಶರೀರಕ್ರಿಯಾ ವಿಜ್ಞಾನಿಗಳು ಇಂತಹ ಸೈಕಲ್ಲನ್ನು ಅಳತೆಯ ಉಪಕರಣವನ್ನಾಗಿ ಮಾಡಿದರು. ದೇಹ ಮಾಡುವ ಕೆಲಸವನ್ನು ಅಳೆಯುವ ಈ ಸೈಕಲ್ಲಿಗೆ ‘ಎರ್ಗೋಮೀಟರ್’ ಎಂದು ಹೆಸರು. ಪೆಡಲಿನ ಭಾರವೆಷ್ಟು, ಅದು ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ, ಆಗ ಎದೆಬಡಿತ ಎಷ್ಟಿದೆ ಎಂಬ ಮೂರು ಸಂಗತಿಗಳಿಂದ ಒಬ್ಬ ವ್ಯಕ್ತಿಯ ದೇಹ ಎಷ್ಟು ಆಮ್ಲಜನಕವನ್ನು ಬಳಸಿಕೊಳ್ಳಬಲ್ಲದು ಎಂದು ಅಂದಾಜು ಮಾಡುವ ವಿಧಾನವನ್ನು ಪೆರ್-ಊಲೊಫ್ ಓಸ್ಟ್ರಾಂಡ್ ಮತ್ತು ಇರ್ಮಾ ರಿಮಿಂಗ್ 1954ರಲ್ಲಿ ಪ್ರಕಟಿಸಿದರು. ಇಂದಿನ ತರಗತಿಯ ಸೈಕಲ್ಲಿನ ಪರದೆಯ ಮೇಲೆ ಕಾಣುವ ಅಂಕಿಗಳಿಗೆಲ್ಲ ಆ ಪ್ರಯೋಗಾಲಯಗಳ ನಂಟಿದೆ.

ಗುಂಪು ತರಗತಿಯ ರೂಪ ಮಾತ್ರ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಹುಟ್ಟಿತು. ದಕ್ಷಿಣ ಆಫ್ರಿಕದಲ್ಲಿ ಹುಟ್ಟಿ ಲಾಸ್ ಏಂಜಲೀಸಿನ ಸುತ್ತಮುತ್ತ ವ್ಯಾಯಾಮ ತರಬೇತುದಾರರಾಗಿದ್ದ ಜಾನಿ ಗೋಲ್ಡ್‌ಬರ್ಗ್, ಅಮೆರಿಕ ಖಂಡವನ್ನು ಒಂದು ಕರಾವಳಿಯಿಂದ ಇನ್ನೊಂದು ಕರಾವಳಿಯವರೆಗೆ, ಸುಮಾರು 4,800 ಕಿಲೋಮೀಟರ್ ದೂರ, ಸೈಕಲ್ಲಿನಲ್ಲಿ ದಾಟುವ ‘ರೇಸ್ ಅಕ್ರಾಸ್ ಅಮೆರಿಕ’ ಸ್ಪರ್ಧೆಗೆ 1980ರ ದಶಕದಲ್ಲಿ ತಯಾರಾಗುತ್ತಿದ್ದರು. ರಸ್ತೆಗೆ ಹೋಗಲಾಗದ ಹೊತ್ತಿನಲ್ಲಿಯೂ ರಸ್ತೆಯ ಅನುಭವವನ್ನೇ ಕೊಡುವ ಸೈಕಲ್ಲೊಂದು ಬೇಕೆಂದು ಅವರು ಅದನ್ನು ತಾವೇ ಕಟ್ಟಿಕೊಂಡರು. ಆಮೇಲೆ ಅದರ ಸುತ್ತ ಹಾಡು, ಮಾತು, ಏರಿಳಿತಗಳಿರುವ ತರಗತಿಯೊಂದು ಬೆಳೆಯಿತು. ಅವರು ಜಾನ್ ಬೌಡುಯಿನ್ ಜೊತೆ ಸೇರಿ ಕಟ್ಟಿದ ಮ್ಯಾಡ್ ಡಾಗ್ ಅಥ್ಲೆಟಿಕ್ಸ್ ಸಂಸ್ಥೆ ‘ಸ್ಪಿನ್ನಿಂಗ್’ ಎಂಬ ಹೆಸರನ್ನು ನೋಂದಾಯಿತ ವ್ಯಾಪಾರಚಿಹ್ನೆಯನ್ನಾಗಿ ಮಾಡಿಕೊಂಡಿತು, ಷ್ವಿನ್ ಕಂಪನಿ 1995ರಲ್ಲಿ ಈ ಸೈಕಲ್ಲನ್ನು ಮಾರುಕಟ್ಟೆಗೆ ತಂದಿತು. ನ್ಯೂಯಾರ್ಕಿನಲ್ಲಿ 2006ರಲ್ಲಿ ಆರಂಭವಾದ ಸೋಲ್‌ಸೈಕಲ್, ಕತ್ತಲ ಕೋಣೆ ಮತ್ತು ಮೇಣದಬತ್ತಿಗಳ ಬೆಳಕಿನಿಂದ ತರಗತಿಗೆ ಒಂದು ರೀತಿಯ ಆಚರಣೆಯ ಕಳೆಯನ್ನು ಕೊಟ್ಟಿತು. ಅದೇ ನಗರದಲ್ಲಿ 2012ರಲ್ಲಿ ಸ್ಥಾಪನೆಯಾದ ಪೆಲೊಟಾನ್, ತರಗತಿಯನ್ನೇ ಪರದೆಯ ಮೂಲಕ ಮನೆಯೊಳಗೆ ತಂದು, 2020ರ ಕೋವಿಡ್ ಕಾಲದಲ್ಲಿ ಮನೆಮಾತಾಯಿತು.

ಈ ಸೈಕಲ್ಲಿನ ಒಳಗುಟ್ಟು ಅದರ ಫ್ಲೈವೀಲ್. ಇದು ಸಾಮಾನ್ಯವಾಗಿ ಮುಂಭಾಗದಲ್ಲಿ, ಕೆಲವು ಮಾದರಿಗಳಲ್ಲಿ ಹಿಂಭಾಗದಲ್ಲಿ ಇರುವ ತೂಕದ ಲೋಹದ ಚಕ್ರ. ಹಳೆಯ ಮಾದರಿಗಳಲ್ಲಿ ಹದಿನೆಂಟು ಇಪ್ಪತ್ತು ಕಿಲೋ ತೂಗುವುದೂ ಉಂಟು. ರಾಗಿ ಬೀಸುವ ಕಲ್ಲಿನಂತೆ ಇದನ್ನು ಮೊದಲ ಸುತ್ತಿಗೆ ಎಬ್ಬಿಸಲು ಬಲ ಬೇಕು, ಒಮ್ಮೆ ತಿರುಗತೊಡಗಿದರೆ ತನ್ನ ತೂಕದಿಂದಲೇ ತಿರುಗುತ್ತ ಹೋಗುತ್ತದೆ. ರಸ್ತೆಯ ಸೈಕಲ್ಲಿನಲ್ಲಿ ತುಳಿಯುವುದನ್ನು ನಿಲ್ಲಿಸಿದರೂ ಚಕ್ರ ಉರುಳುತ್ತದೆ, ಪೆಡಲು ನಿಲ್ಲುತ್ತದೆ. ಆದರೆ ತರಗತಿಯ ಬಹುಪಾಲು ಸೈಕಲ್ಲುಗಳಲ್ಲಿ ಫ್ಲೈವೀಲಿಗೂ ಪೆಡಲಿಗೂ ನೇರ ಸಂಬಂಧವಿರುವುದರಿಂದ, ಚಕ್ರ ತಿರುಗುತ್ತಿರುವಷ್ಟು ಹೊತ್ತು ಪೆಡಲೂ ತಿರುಗುತ್ತದೆ, ಅದರ ಜೊತೆಗೆ ಕಾಲೂ ತಿರುಗಲೇಬೇಕಾಗುತ್ತದೆ. ವೇಗದ ತುಳಿತದ ನಡುವೆ ಥಟ್ಟನೆ ಕಾಲು ನಿಲ್ಲಿಸಲು ಹೋದವರ ಮಂಡಿಗೆ ಪೆಟ್ಟು ಬೀಳುವುದು, ಪಾದ ಜಾರಿದವರ ಮೀನಖಂಡಕ್ಕೆ ಪೆಡಲು ಬಡಿಯುವುದು ಈ ಕಾರಣದಿಂದಲೇ. ಆದ್ದರಿಂದ ಹೊಸಬರು ಕಲಿಯಬೇಕಾದ ಮೊದಲ ಕ್ರಿಯೆ ತುಳಿಯುವುದಲ್ಲ, ನಿಲ್ಲಿಸುವುದು. ಹೆಚ್ಚಿನ ಮಾದರಿಗಳಲ್ಲಿ ನಾಬನ್ನು ಅಂಗೈಯಿಂದ ಕೆಳಕ್ಕೆ ಒತ್ತಿ ಹಿಡಿದರೆ ಅದೇ ಬ್ರೇಕಾಗಿ ಕೆಲಸ ಮಾಡುತ್ತದೆ. ಇನ್ನು ಕೆಲವದರಲ್ಲಿ ಪ್ರತ್ಯೇಕ ಸನ್ನೆ ಇರುತ್ತದೆ. ತರಗತಿ ಆರಂಭವಾಗುವ ಮೊದಲು ಎರಡು ಮೂರು ಸಲ ನಿಧಾನವಾಗಿ ತುಳಿದು, ಬ್ರೇಕು ಒತ್ತಿ, ಚಕ್ರ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಕೈಗೂ ಕಾಲಿಗೂ ರೂಢಿ ಮಾಡಿಸುವುದು ಒಳ್ಳೆಯದು.

ಪೆಡಲಿಗೆ ಎದುರು ನಿಲ್ಲುವ ಬಿಗಿತಕ್ಕೆ ‘ಪ್ರತಿರೋಧ’ ಎನ್ನುತ್ತಾರೆ. ಹಳೆಯ ಸೈಕಲ್ಲುಗಳಲ್ಲಿ ಉಣ್ಣೆಯ ಅಥವಾ ತೊಗಲಿನ ಪಟ್ಟಿಯೊಂದು ಚಕ್ರದ ಅಂಚಿಗೆ ಉಜ್ಜಿ ಈ ಬಿಗಿತವನ್ನು ಉಂಟುಮಾಡುತ್ತದೆ, ಅದು ಸವೆಯುತ್ತ ಹೋದಂತೆ ಒಂದೇ ಮಾದರಿಯ ಎರಡು ಸೈಕಲ್ಲುಗಳು ಬೇರೆ ಬೇರೆ ಭಾರ ಕೊಡುತ್ತವೆ. ಹೊಸ ಮಾದರಿಗಳಲ್ಲಿ ಅಯಸ್ಕಾಂತಗಳನ್ನು ಚಕ್ರದ ಹತ್ತಿರಕ್ಕೆ ತಂದಷ್ಟೂ ಬಿಗಿತ ಹೆಚ್ಚುವಂತೆ ಮಾಡಿರುತ್ತಾರೆ. ಅಲ್ಲಿ ಒಂದಕ್ಕೊಂದು ತಾಗುವ ಭಾಗಗಳಿಲ್ಲವಾದ್ದರಿಂದ ಸದ್ದೂ ಕಡಿಮೆ, ಸವೆತವೂ ಕಡಿಮೆ. ಪರದೆಯಿರುವ ಸೈಕಲ್ಲಿನಲ್ಲಿ ಕಾಣುವ ‘ವ್ಯಾಟ್’ ಎಂಬ ಅಂಕಿ, ಪ್ರತಿರೋಧ ಮತ್ತು ತುಳಿಯುವ ವೇಗ ಎರಡೂ ಸೇರಿ ಆಗುವ ಕೆಲಸದ ಪ್ರಮಾಣ. ಪ್ರತಿರೋಧವೇ ಇಲ್ಲದೆ ಕಾಲನ್ನು ಗಿರಗಿರನೆ ತಿರುಗಿಸಿದರೆ ಬೆವರು ಬಂದೀತು, ವ್ಯಾಟ್ ಮಾತ್ರ ಮೇಲೇರುವುದಿಲ್ಲ. ಹಾಗೆ ತುಳಿಯುವಾಗ ಸೀಟಿನ ಮೇಲೆ ದೇಹ ಕುಪ್ಪಳಿಸತೊಡಗುತ್ತದೆ, ಭಾರ ಸಾಲದು ಎಂಬುದಕ್ಕೆ ಅದೇ ಗುರುತು.

ಮೊದಲ ತರಗತಿಗೆ ಹದಿನೈದು ನಿಮಿಷ ಮುಂಚೆ ಹೋಗಬೇಕೆಂದು ಎಲ್ಲ ತರಬೇತುದಾರರೂ ಹೇಳುವುದು ಸೈಕಲ್ಲನ್ನು ಮೈಗೆ ಹೊಂದಿಸಿಕೊಳ್ಳುವ ಸಲುವಾಗಿ. ಈ ಹದಿನೈದು ನಿಮಿಷವನ್ನು ಉಳಿಸಹೋದವರೇ ಮುಂದೆ ಮಂಡಿನೋವು, ಬೆನ್ನುನೋವು ಎಂದು ತರಗತಿಯನ್ನು ಬಿಡುವುದು ಹೆಚ್ಚು. ಮೊದಲು ಸೀಟಿನ ಎತ್ತರ. ಸೈಕಲ್ಲಿನ ಪಕ್ಕದಲ್ಲಿ ನೆಟ್ಟಗೆ ನಿಂತು ಸೊಂಟದ ಮೂಳೆಯ ಮೇಲಂಚನ್ನು ಕೈಯಿಂದ ಮುಟ್ಟಿ ನೋಡಿಕೊಂಡರೆ, ಸೀಟಿನ ಮೇಲ್ಮೈ ಸುಮಾರು ಅದೇ ಮಟ್ಟದಲ್ಲಿರಬೇಕು. ಇದು ಆರಂಭದ ಅಂದಾಜು ಮಾತ್ರ. ನಂತರ ಸೀಟಿನ ಮೇಲೆ ಕುಳಿತು, ಒಂದು ಪೆಡಲನ್ನು ಎಲ್ಲಕ್ಕಿಂತ ಕೆಳಗಿನ ಸ್ಥಾನಕ್ಕೆ ತಂದು, ಅದರ ಮೇಲೆ ಹಿಮ್ಮಡಿಯನ್ನು ಇಟ್ಟು ನೋಡಬೇಕು: ಕಾಲು ಪೂರ್ತಿ ನೇರವಾಗಬೇಕು, ಆದರೆ ಹಿಮ್ಮಡಿಯನ್ನು ಮುಟ್ಟಿಸಲು ಸೊಂಟ ಒಂದು ಕಡೆಗೆ ವಾಲಬಾರದು. ಆಮೇಲೆ ಪಾದದ ಮುಂಭಾಗದ ಉಬ್ಬನ್ನು, ಅಂದರೆ ಹೆಬ್ಬೆರಳಿನ ಬುಡದ ಅಗಲವಾದ ಜಾಗವನ್ನು, ಪೆಡಲಿನ ಅಚ್ಚಿನ ಮೇಲೆ ತಂದರೆ ಮಂಡಿ ಸಹಜವಾಗಿ ಸ್ವಲ್ಪ ಬಾಗುತ್ತದೆ. ಈ ಬಾಗು 25ರಿಂದ 35 ಡಿಗ್ರಿಯಷ್ಟಿದ್ದರೆ ಸರಿ. ಸೀಟು ತಗ್ಗಾದರೆ ಮಂಡಿಚಿಪ್ಪಿನ ಮುಂಭಾಗಕ್ಕೆ ಒತ್ತಡ ಬೀಳುತ್ತದೆ, ಎತ್ತರವಾದರೆ ಮಂಡಿಯ ಹಿಂಭಾಗ ಸೆಳೆಯುತ್ತದೆ ಮತ್ತು ಸೊಂಟ ಎಡಕ್ಕೂ ಬಲಕ್ಕೂ ತೂಗಾಡುತ್ತದೆ. ಬಾಲ್ಯದಲ್ಲಿ ಕಾಲು ನೆಲಕ್ಕೆ ತಾಗುವಷ್ಟು ಸೀಟು ತಗ್ಗಿಸಿ ಸೈಕಲ್ ಕಲಿತ ರೂಢಿಯಿಂದಾಗಿ ಹೊಸಬರಲ್ಲಿ ಹೆಚ್ಚಿನವರು ಸೀಟನ್ನು ತೀರ ತಗ್ಗಾಗಿಯೇ ಇಟ್ಟುಕೊಳ್ಳುತ್ತಾರೆ. ಇಲ್ಲಿ ಸೈಕಲ್ಲು ಬೀಳುವ ಪ್ರಶ್ನೆಯೇ ಇಲ್ಲವಾದ್ದರಿಂದ ಆ ಅಂಜಿಕೆ ಬೇಕಿಲ್ಲ.

ಎರಡನೆಯದು ಸೀಟನ್ನು ಹಿಂದೆ ಮುಂದೆ ಸರಿಸುವುದು. ಎರಡು ಪೆಡಲುಗಳೂ ನೆಲಕ್ಕೆ ಸಮಾನಾಂತರವಾಗಿರುವಂತೆ ನಿಲ್ಲಿಸಿದಾಗ, ಮುಂದಿನ ಕಾಲಿನ ಮಂಡಿಚಿಪ್ಪಿನ ಕೆಳಭಾಗದಿಂದ ದಾರಕ್ಕೆ ಸಣ್ಣ ತೂಕ ಕಟ್ಟಿ ಇಳಿಬಿಟ್ಟರೆ ಅದು ಪೆಡಲಿನ ಅಚ್ಚಿನ ನೇರಕ್ಕೆ ಬರಬೇಕು. ತರಗತಿಯಲ್ಲಿ ದಾರವಿಲ್ಲದೆಯೂ ತರಬೇತುದಾರರು ಪಕ್ಕದಿಂದ ನೋಡಿ ಇದನ್ನು ಹೇಳಬಲ್ಲರು. ಮೂರನೆಯದು ಹ್ಯಾಂಡಲಿನ ಎತ್ತರ. ಸ್ಪರ್ಧಾಳುಗಳು ಗಾಳಿಯನ್ನು ಸೀಳಲು ಹ್ಯಾಂಡಲನ್ನು ತಗ್ಗಿಸುತ್ತಾರೆ. ಗಾಳಿಯೇ ಇಲ್ಲದ ಕೋಣೆಯಲ್ಲಿ ಅದನ್ನು ಅನುಕರಿಸುವುದರಲ್ಲಿ ಅರ್ಥವಿಲ್ಲ, ಆದ್ದರಿಂದ ಹೊಸಬರಿಗೆ, ಅದರಲ್ಲೂ ದಿನವಿಡೀ ಕಂಪ್ಯೂಟರ್ ಮುಂದೆ ಬಾಗಿ ಕೂರುವವರಿಗೆ, ಹ್ಯಾಂಡಲು ಸೀಟಿನ ಮಟ್ಟಕ್ಕೆ ಅಥವಾ ಅದಕ್ಕಿಂತ ಮೇಲಿರುವುದೇ ಲೇಸು. ಮೊಣಕೈ ಸ್ವಲ್ಪ ಬಾಗಿ, ಭುಜ ಕಿವಿಯಿಂದ ದೂರ ಸಡಿಲವಾಗಿ, ಮೈಭಾರ ಅಂಗೈಯ ಮೇಲಲ್ಲದೆ ಸೀಟು ಮತ್ತು ಪೆಡಲುಗಳ ಮೇಲೆ ಇರಬೇಕು. ಬೆರಳುಗಳಿಗೆ ಜೋಮು ಹಿಡಿದರೆ ಭಾರ ಕೈಮೇಲೆ ಬಿದ್ದಿದೆ ಎಂದೇ ತಿಳಿಯಬೇಕು. ಹೊಂದಿಸಿದ ಪ್ರತಿಯೊಂದು ತಿರುಪನ್ನೂ ಬಿಗಿಮಾಡಿ, ಪಿನ್ನು ಅದರ ತೂತಿನಲ್ಲಿ ಕೂತಿದೆಯೇ ಎಂದು ಸೀಟನ್ನು ಅಲುಗಿಸಿ ನೋಡಿದ ಮೇಲೆ, ಸೀಟು ಮತ್ತು ಹ್ಯಾಂಡಲಿನ ಕಂಬಗಳ ಮೇಲೆ ಬರೆದಿರುವ ಅಂಕಿಗಳನ್ನು ಗುರುತು ಹಾಕಿಕೊಂಡರೆ ಮುಂದಿನ ಸಲ ಎರಡೇ ನಿಮಿಷದ ಕೆಲಸ.

ಉಡುಪಿನ ವಿಷಯದಲ್ಲಿ ದೊಡ್ಡ ಖರ್ಚು ಅಗತ್ಯವಿಲ್ಲ. ಅಗಲ ಕಾಲಿನ ಪೈಜಾಮ, ದುಪಟ್ಟಾ, ಉದ್ದನೆಯ ಶೂ ದಾರ ಇವು ಪೆಡಲಿನ ಸನ್ನೆಗೆ ಸಿಕ್ಕಿಕೊಳ್ಳುವುದರಿಂದ ಅವು ಬೇಡ. ಕಾಲಿಗೆ ಅಂಟಿಕೊಳ್ಳುವ ಟ್ರ್ಯಾಕ್ ಪ್ಯಾಂಟ್ ಅಥವಾ ಲೆಗಿಂಗ್ ಸಾಕು. ಪೆಡಲುಗಳಲ್ಲಿ ಸಾಮಾನ್ಯವಾಗಿ ಎರಡು ಬಗೆ: ಮಾಮೂಲಿ ಶೂವನ್ನು ಒಳಗೆ ತೂರಿಸಿ ಪಟ್ಟಿ ಬಿಗಿಯುವ ಪಂಜರದ ಬಗೆ ಒಂದು, ಅಟ್ಟೆಗೆ ಲೋಹದ ಅಥವಾ ಪ್ಲಾಸ್ಟಿಕ್ಕಿನ ಕೊಂಡಿ ಜೋಡಿಸಿದ ವಿಶೇಷ ಶೂವನ್ನು ‘ಟಕ್’ ಎಂದು ಸಿಕ್ಕಿಸುವ ಬಗೆ ಇನ್ನೊಂದು. ಎರಡನೆಯದರಲ್ಲಿ ಪಾದ ಜಾರುವುದಿಲ್ಲ, ತುಳಿತವೂ ಸಮವಾಗುತ್ತದೆ, ಆದರೆ ಕೊಂಡಿಯಿಂದ ಬಿಡಿಸಿಕೊಳ್ಳಲು ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಬೇಕೆಂಬುದು ಮೊದಲೇ ಗೊತ್ತಿರಬೇಕು. ಮೊದಲ ಕೆಲವು ವಾರಗಳಿಗೆ ಗಟ್ಟಿ ಅಟ್ಟೆಯ ಸಾಮಾನ್ಯ ಶೂ ಮತ್ತು ಪಂಜರವೇ ಸಾಲುತ್ತದೆ. ಸೀಟಿನ ನೋವು ಬಹುತೇಕ ಎಲ್ಲರಿಗೂ ಮೊದಲ ಮೂರು ನಾಲ್ಕು ತರಗತಿಗಳಲ್ಲಿ ಬರುತ್ತದೆ. ಕೂರುವಾಗ ಭಾರ ಹೊರುವ ಎರಡು ಮೂಳೆಗಳ ಸುತ್ತಲ ಅಂಗಾಂಶ ಕ್ರಮೇಣ ಒಗ್ಗಿಕೊಳ್ಳುತ್ತದೆ. ಮೆತ್ತೆಯಿರುವ ಸೈಕ್ಲಿಂಗ್ ಚಡ್ಡಿ ಇದಕ್ಕೆ ನೆರವಾಗುತ್ತದೆ, ಅದನ್ನು ಒಳ ಉಡುಪಿಲ್ಲದೆ ನೇರವಾಗಿ ಮೈಗೆ ಧರಿಸಬೇಕೆಂಬುದು ಹಲವರಿಗೆ ತಿಳಿಯದ ಸಂಗತಿ. ಎರಡು ಪದರಗಳ ಹೊಲಿಗೆಗಳು ಉಜ್ಜಿದರೆ ಚರ್ಮ ತರಚುತ್ತದೆ. ನೋವು ಹೋಗಿ ಜೋಮು ಉಳಿದರೆ ಅದು ಒಗ್ಗುವ ವಿಷಯವಲ್ಲ, ನರದ ಮೇಲೆ ಒತ್ತಡ ಬೀಳುತ್ತಿರುವ ಲಕ್ಷಣ. ಸೀಟಿನ ಮೂತಿ ಮೇಲಕ್ಕೆತ್ತಿದೆಯೇ ಎಂದು ನೋಡಿ ಅದನ್ನು ಸಮತಟ್ಟಾಗಿಸಬೇಕು.

ತರಗತಿ ನಡೆಯುವ ಕ್ರಮ ಎಲ್ಲೆಡೆ ಹೆಚ್ಚುಕಡಿಮೆ ಒಂದೇ. ಆರಂಭದ ಐದರಿಂದ ಹತ್ತು ನಿಮಿಷ ಹಗುರ ತುಳಿತದಿಂದ ಮೈ ಬಿಸಿಯಾದ ಮೇಲೆ, ಸಮತಟ್ಟು ರಸ್ತೆ, ಏರು, ವೇಗದ ಓಟ ಎಂಬ ಕಲ್ಪನೆಗಳನ್ನು ಒಂದಾದ ಮೇಲೊಂದರಂತೆ ಪೋಣಿಸಲಾಗುತ್ತದೆ, ಕೊನೆಯ ಐದಾರು ನಿಮಿಷ ಮತ್ತೆ ಹಗುರವಾಗಿ ತುಳಿದು, ಇಳಿದು, ತೊಡೆ ಮತ್ತು ಪೃಷ್ಠದ ಸ್ನಾಯುಗಳನ್ನು ಎಳೆದು ಸಡಿಲಿಸಲಾಗುತ್ತದೆ. ಪೆಡಲು ನಿಮಿಷಕ್ಕೆ ಎಷ್ಟು ಪೂರ್ತಿ ಸುತ್ತು ಬರುತ್ತದೆ ಎಂಬುದನ್ನು ‘ಕೇಡೆನ್ಸ್’ ಅಥವಾ ‘ಆರ್‌ಪಿಎಂ’ ಎನ್ನುತ್ತಾರೆ. ಸಮತಟ್ಟಿಗೆ 80ರಿಂದ 110, ಏರಿಗೆ 60ರಿಂದ 80 ಎಂಬುದು ಬಳಕೆಯಲ್ಲಿರುವ ಮಿತಿ. ಪರದೆ ಇಲ್ಲದ ಸೈಕಲ್ಲಿನಲ್ಲಿ ಬಲಮಂಡಿ ಮೇಲೇಳುವುದನ್ನು ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಇದು ಸಿಗುತ್ತದೆ. ಹಾಡಿಗೂ ಇದಕ್ಕೂ ಸರಳ ಲೆಕ್ಕವಿದೆ: ತಾಳದ ಪ್ರತಿ ಪೆಟ್ಟಿಗೂ ಒಂದೊಂದು ಕಾಲು ಕೆಳಗಿಳಿದರೆ, ನಿಮಿಷಕ್ಕೆ 128 ಪೆಟ್ಟುಗಳಿರುವ ಹಾಡು 64 ಸುತ್ತುಗಳ ಏರನ್ನೂ, 176 ಪೆಟ್ಟುಗಳ ಹಾಡು 88 ಸುತ್ತುಗಳ ಸಮತಟ್ಟನ್ನೂ ಕೊಡುತ್ತದೆ. ತಾಳ ಹಿಡಿದು ತುಳಿಯುವುದರಿಂದ ಮನಸ್ಸಿಗಷ್ಟೇ ಅಲ್ಲ, ದೇಹಕ್ಕೂ ಉಳಿತಾಯವಿದೆ; ತುಳಿತಕ್ಕೆ ಸರಿಹೊಂದುವ ಸಂಗೀತವಿದ್ದಾಗ, ತುಳಿತಕ್ಕಿಂತ ನಿಧಾನದ ಸಂಗೀತವಿದ್ದಾಗಿನದಕ್ಕಿಂತ ಸುಮಾರು ಶೇಕಡ 7ರಷ್ಟು ಕಡಿಮೆ ಆಮ್ಲಜನಕ ಸಾಕಾಗುತ್ತದೆ ಎಂದು 2012ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಅಧ್ಯಯನ ತೋರಿಸಿತು. ಸೀಟಿನಿಂದ ಎದ್ದು ನಿಂತು ತುಳಿಯುವುದಕ್ಕೆ ಮುನ್ನ ನಾಬನ್ನು ಒಂದು ಸುತ್ತಿನಷ್ಟಾದರೂ ಬಲಕ್ಕೆ ತಿರುಗಿಸಿ ಭಾರ ಏರಿಸಲೇಬೇಕು. ಹಗುರ ಪೆಡಲಿನ ಮೇಲೆ ನಿಂತರೆ ಮೈಭಾರಕ್ಕೆ ಕಾಲು ಜರ್ರನೆ ಕೆಳಗಿಳಿದು ಮಂಡಿ ಉಳುಕುತ್ತದೆ.

ಗುಂಪಿನಲ್ಲಿ ತುಳಿಯುವಾಗ ಮನುಷ್ಯ ಒಂಟಿಯಾಗಿ ತುಳಿಯುವುದಕ್ಕಿಂತ ಹೆಚ್ಚು ಶ್ರಮಿಸುತ್ತಾನೆ ಎಂಬುದು ಕೇವಲ ಅನಿಸಿಕೆಯಲ್ಲ. ಅಮೆರಿಕದ ಇಂಡಿಯಾನ ವಿಶ್ವವಿದ್ಯಾಲಯದ ನಾರ್ಮನ್ ಟ್ರಿಪ್ಲೆಟ್, ಅಲ್ಲಿನ ಸೈಕಲ್ ಸವಾರರ ಸಂಘದ 1897ರ ಸ್ಪರ್ಧಾ ದಾಖಲೆಗಳನ್ನು ಹೋಲಿಸಿ ನೋಡಿ, ಗಡಿಯಾರದೊಂದಿಗೆ ಒಬ್ಬರೇ ಸ್ಪರ್ಧಿಸಿದವರಿಗಿಂತ ಜೊತೆಗಾರರೊಂದಿಗೆ ಓಡಿಸಿದವರು ವೇಗವಾಗಿದ್ದರೆಂದು 1898ರಲ್ಲಿ ಪ್ರಕಟಿಸಿದರು. ಸಾಮಾಜಿಕ ಮನೋವಿಜ್ಞಾನದ ಮೊದಲ ಪ್ರಯೋಗಗಳಲ್ಲಿ ಒಂದೆಂದು ಇಂದಿಗೂ ಪಠ್ಯಪುಸ್ತಕಗಳು ಉಲ್ಲೇಖಿಸುವ ಈ ಕೆಲಸ ಆರಂಭವಾದದ್ದೇ ಸೈಕಲ್ಲಿನಿಂದ ಎಂಬುದು ಗಮನಾರ್ಹ. ರಸ್ತೆಯಲ್ಲಿ ಮುಂದಿನವರು ಗಾಳಿಯನ್ನು ತಡೆಯುವುದರಿಂದ ಹಿಂದಿನವರಿಗೆ ಹಗುರವಾಗುತ್ತದೆ ಎಂಬ ಕಾರಣವೂ ಅಲ್ಲಿತ್ತು. ಒಳಾಂಗಣದಲ್ಲಿ ಆ ಕಾರಣ ಇಲ್ಲ, ಉಳಿಯುವುದು ಜೊತೆಗಾರಿಕೆಯ ಹುರುಪು ಮಾತ್ರ. ಮನೆಯಲ್ಲಿ ಕೊಂಡಿಟ್ಟ ಸೈಕಲ್ಲು ಮೂರು ತಿಂಗಳಲ್ಲಿ ಬಟ್ಟೆ ಒಣಹಾಕುವ ಗೂಟವಾಗುವುದೂ, ತರಗತಿಗೆ ಹೋಗುವವರು ವರ್ಷಗಟ್ಟಲೆ ಬಿಡದೆ ಹೋಗುವುದೂ ಬಹುಮಟ್ಟಿಗೆ ಈ ಹುರುಪು ಇಲ್ಲದಿರುವುದರಿಂದ ಮತ್ತು ಇರುವುದರಿಂದ.

ಆದರೆ ಅದೇ ಹುರುಪು ಮೊದಲ ದಿನ ಹೊಸಬರನ್ನು ಅವರ ಸ್ನಾಯುಗಳ ಶಕ್ತಿಯಾಚೆಗೆ ಒಯ್ಯಬಲ್ಲದು. ಅಭ್ಯಾಸವಿಲ್ಲದ ದೊಡ್ಡ ಸ್ನಾಯುಗಳು ಮಿತಿಮೀರಿ ದುಡಿದಾಗ ಅವುಗಳ ತಂತುಗಳು ಒಡೆದು ಒಳಗಿನ ದ್ರವ್ಯ ರಕ್ತಕ್ಕೆ ಸೇರುವ ಸ್ಥಿತಿಯನ್ನು ವೈದ್ಯರು ‘ರ‍್ಯಾಬ್ಡೊಮಯೊಲಿಸಿಸ್’ ಎನ್ನುತ್ತಾರೆ. ಆ ದ್ರವ್ಯದಲ್ಲಿರುವ ಮಯೊಗ್ಲೋಬಿನ್ ಎಂಬ ಪ್ರೋಟೀನು ಮೂತ್ರಪಿಂಡದ ಸೂಕ್ಷ್ಮ ನಾಳಗಳಿಗೆ ಹಾನಿಮಾಡುತ್ತದೆ. ಮೊದಲ ಸ್ಪಿನ್ ತರಗತಿಯ ಬೆನ್ನಿಗೇ ಈ ಸ್ಥಿತಿಗೆ ಬಂದವರ ಪ್ರಕರಣಗಳನ್ನು 2017ರಲ್ಲಿ ‘ಅಮೆರಿಕನ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ವೈದ್ಯರು ವರದಿ ಮಾಡಿದರು, ಇಂತಹ ವರದಿಗಳು ಬೇರೆ ದೇಶಗಳಿಂದಲೂ ಬಂದಿವೆ; ಅವುಗಳಲ್ಲಿ ಆರೋಗ್ಯವಂತ ಯುವಕ ಯುವತಿಯರೂ ಇದ್ದಾರೆ. ಸೈಕಲ್ ತುಳಿತದಲ್ಲಿ ದೇಹದ ಅತಿ ದೊಡ್ಡ ಸ್ನಾಯುಗಳಾದ ತೊಡೆಯ ಮುಂಭಾಗದವು ಮತ್ತು ಪೃಷ್ಠದವು ಬಿಡುವಿಲ್ಲದೆ ದುಡಿಯುತ್ತವೆ. ಸೋತರೆ ನಿಲ್ಲಬಹುದೆಂದು ಹೊಸಬರಿಗೆ ಗೊತ್ತಿದ್ದರೂ, ಮುಂದೆ ಕನ್ನಡಿ, ಪಕ್ಕದಲ್ಲಿ ಜನ, ಮೈಕಿನಲ್ಲಿ ‘ಇನ್ನೂ ಸ್ವಲ್ಪ’ ಎನ್ನುವ ದನಿ ಇರುವಾಗ ನಿಲ್ಲಿಸಲು ಸಂಕೋಚವಾಗುತ್ತದೆ. ತರಗತಿಯ ಮಾರನೆಯ ದಿನ ತೊಡೆ ಹಿಡಿದುಕೊಂಡು ಮೆಟ್ಟಿಲಿಳಿಯುವುದು ಕಷ್ಟವಾಗುವುದು ಸಹಜ, ಎರಡು ಮೂರು ದಿನಗಳಲ್ಲಿ ಅದು ಹೋಗುತ್ತದೆ. ಆದರೆ ತೊಡೆ ಊದಿಕೊಂಡು ಮುಟ್ಟಲಾರದಷ್ಟು ನೋಯುತ್ತಿದ್ದರೆ, ಮಂಡಿ ಮಡಿಸಲಾಗದಿದ್ದರೆ, ಅದಕ್ಕಿಂತಲೂ ಮುಖ್ಯವಾಗಿ ಮೂತ್ರ ಹಾಲಿಲ್ಲದ ಚಹಾದಂತೆ ಕಪ್ಪಾಗಿ ಹೋಗುತ್ತಿದ್ದರೆ, ಮನೆಮದ್ದು, ನೋವಿನ ಮಾತ್ರೆಗಳಲ್ಲಿ ಹೊತ್ತು ಕಳೆಯದೆ ಆಸ್ಪತ್ರೆಗೆ ಹೋಗಬೇಕು. ಕೆಲವು ನೋವಿನ ಮಾತ್ರೆಗಳು ಮೂತ್ರಪಿಂಡಕ್ಕೆ ಮತ್ತಷ್ಟು ಹೊರೆಯಾಗುತ್ತವೆ. ಸಕಾಲದಲ್ಲಿ ರಕ್ತನಾಳದ ಮೂಲಕ ದ್ರವ ಕೊಟ್ಟರೆ ಹೆಚ್ಚಿನವರು ಪೂರ್ತಿ ಚೇತರಿಸಿಕೊಳ್ಳುತ್ತಾರೆ.

ಇದನ್ನು ತಪ್ಪಿಸುವ ದಾರಿ ಬಹಳ ಸುಲಭ. ಮೊದಲ ತರಗತಿಯಲ್ಲಿ ಇಪ್ಪತ್ತು ನಿಮಿಷ ಮಾತ್ರ ತುಳಿದು, ಉಳಿದ ಹೊತ್ತು ಹಗುರವಾಗಿ ಕಾಲಾಡಿಸುವುದು ಅಥವಾ ಇಳಿದು ಹೊರಡುವುದು. ತರಬೇತುದಾರರು ‘ಭಾರ ಏರಿಸಿ’ ಎಂದಾಗ ಎಲ್ಲರೂ ಒಂದು ಸುತ್ತು ತಿರುಗಿಸಿದರೆ ತಾನು ಕಾಲು ಸುತ್ತು ತಿರುಗಿಸುವುದು, ಬೇಡವೆನಿಸಿದರೆ ತಿರುಗಿಸದೆಯೇ ಇರುವುದು. ನಿಂತು ತುಳಿಯುವ ಭಾಗಗಳನ್ನು ಕುಳಿತೇ ಮುಗಿಸುವುದು. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಮೊದಲ ಬಾರಿಗೆ ಬಂದಿರುವುದಾಗಿ ತರಗತಿಗೆ ಮೊದಲೇ ತರಬೇತುದಾರರಿಗೆ ತಿಳಿಸಿದರೆ ಸೈಕಲ್ಲು ಹೊಂದಿಸಲು ಅವರ ನೆರವು ಸಿಗುತ್ತದೆ, ನಡುವೆ ಇಳಿದರೂ ಯಾರೂ ಗಾಬರಿಯಾಗುವುದಿಲ್ಲ. ಕೂರುವ ಜಾಗವೂ ಮುಖ್ಯ: ಎಲ್ಲಕ್ಕಿಂತ ಹಿಂದೆ ಕುಳಿತರೆ ತರಬೇತುದಾರರ ಕಾಲಿನ ಚಲನೆ ಕಾಣದು, ಮುಂದೆ ಕುಳಿತರೆ ಎಲ್ಲರ ಕಣ್ಣೂ ತಮ್ಮ ಮೇಲಿದೆ ಎಂಬ ಒತ್ತಡ; ಎರಡನೆಯ ಸಾಲಿನ ಅಂಚು ಅನುಕೂಲ.

ಶ್ರಮ ಎಷ್ಟಿದೆ ಎಂದು ತಿಳಿಯಲು ಯಂತ್ರವೇ ಬೇಕೆಂದಿಲ್ಲ. ತುಳಿಯುತ್ತ ಪೂರ್ತಿ ವಾಕ್ಯಗಳಲ್ಲಿ ಮಾತನಾಡಲು ಸಾಧ್ಯವಿದ್ದರೆ ಶ್ರಮ ಸಾಧಾರಣ, ನಾಲ್ಕೈದು ಪದಗಳಿಗೆ ಉಸಿರು ತೆಗೆದುಕೊಳ್ಳಬೇಕಾದರೆ ತೀವ್ರ, ಒಂದು ಪದವೂ ಹೊರಡದಿದ್ದರೆ ಹೊಸಬರು ಅಲ್ಲಿರಬಾರದು. ಸ್ವೀಡನ್ನಿನ ಮನೋವಿಜ್ಞಾನಿ ಗುನ್ನಾರ್ ಬೊರ್ಗ್ ರೂಪಿಸಿದ, 6ರಿಂದ 20ರವರೆಗಿನ ಶ್ರಮದ ಮಾಪನ ಇದನ್ನೇ ಅಂಕಿಗಿಳಿಸುತ್ತದೆ. ಅದರ ಅಂಕಿಯನ್ನು ಹತ್ತರಿಂದ ಗುಣಿಸಿದರೆ ಆರೋಗ್ಯವಂತ ಯುವಕರ ಎದೆಬಡಿತ ಹೆಚ್ಚುಕಡಿಮೆ ಸಿಗುವಂತೆ ಅದನ್ನು ಹೊಂದಿಸಲಾಗಿದೆ. 220ರಿಂದ ವಯಸ್ಸನ್ನು ಕಳೆದರೆ ಗರಿಷ್ಠ ಎದೆಬಡಿತ ಸಿಗುತ್ತದೆ ಎಂಬ ಜನಪ್ರಿಯ ಸೂತ್ರ ಸರಾಸರಿಗೆ ಸರಿ, ಆದರೆ ಒಬ್ಬೊಬ್ಬರಲ್ಲಿ ಹತ್ತು ಹನ್ನೆರಡು ಬಡಿತಗಳ ವ್ಯತ್ಯಾಸ ಸಾಮಾನ್ಯ. ಹೀಗಾಗಿ ಕೈಗಡಿಯಾರದ ಕೆಂಪು ಗೆರೆಯನ್ನು ಶಾಸನದಂತೆ ನಂಬಬೇಕಿಲ್ಲ. ರಕ್ತದೊತ್ತಡಕ್ಕಾಗಿ ಬೀಟಾ ಬ್ಲಾಕರ್ ಗುಂಪಿನ ಮಾತ್ರೆ ಸೇವಿಸುವವರಲ್ಲಿ ಎದೆಬಡಿತ ಔಷಧದಿಂದಲೇ ಕೆಳಗಿರುವುದರಿಂದ, ಅವರಿಗೆ ಮಾತಿನ ಪರೀಕ್ಷೆಯೇ ಭದ್ರ.

ಒಳಾಂಗಣದ ಬೆವರಿಗೆ ಭೌತವಿಜ್ಞಾನದ ಕಾರಣವಿದೆ. ಸ್ನಾಯುಗಳು ಬಳಸುವ ಶಕ್ತಿಯಲ್ಲಿ ಪೆಡಲಿಗೆ ತಲುಪುವುದು ಐದರಲ್ಲಿ ಅಥವಾ ನಾಲ್ಕರಲ್ಲಿ ಒಂದು ಪಾಲು ಮಾತ್ರ, ಉಳಿದದ್ದೆಲ್ಲ ಶಾಖ. ಅಂದರೆ 100 ವ್ಯಾಟ್ ತುಳಿಯುತ್ತಿರುವವರ ದೇಹ 300ರಿಂದ 400 ವ್ಯಾಟ್‌ಗಳಷ್ಟು ಬಿಸಿಯನ್ನು ಹೊರಹಾಕಬೇಕು. ರಸ್ತೆಯಲ್ಲಿ ಎದುರುಗಾಳಿ ಈ ಕೆಲಸ ಮಾಡುತ್ತದೆ. ಕೋಣೆಯಲ್ಲಿ ಬೆವರು ಆರದೆ ಹರಿದುಹೋಗುತ್ತದೆ. ಮಂಗಳೂರು, ಉಡುಪಿಗಳಂತಹ ಕರಾವಳಿಯ ಊರುಗಳಲ್ಲಿ ಗಾಳಿಯ ತೇವಾಂಶವೂ ಹೆಚ್ಚಿರುವುದರಿಂದ ಫ್ಯಾನು ಮತ್ತು ಗಾಳಿಸಂಚಾರ ಚೆನ್ನಾಗಿಲ್ಲದ ಕೋಣೆಯನ್ನು ಒಪ್ಪಿಕೊಳ್ಳಬಾರದು. ಗಾಳಿಯಾಡದ ಕೋಣೆಯ ಇನ್ನೊಂದು ಅಪಾಯ ಸೋಂಕು: ಜೋರಾಗಿ ಉಸಿರಾಡುವ ಜನ ಒಟ್ಟಾಗಿರುವ ಇಂತಹ ತರಗತಿಯಿಂದ ಕೋವಿಡ್ ಹರಡಿದ ಪ್ರಸಂಗ ಕೆನಡದ ಹ್ಯಾಮಿಲ್ಟನ್ ನಗರದಲ್ಲಿ 2020ರಲ್ಲಿ ದಾಖಲಾಯಿತು. ತರಗತಿಗೆ ಎರಡು ಗಂಟೆ ಮೊದಲು ಎರಡು ಇಡ್ಲಿಯಂತಹ ಹಗುರ ಆಹಾರ, ಬೆಳಗಿನ ಜಾವದ ತರಗತಿಯಾದರೆ ಒಂದು ಬಾಳೆಹಣ್ಣು, ನಡುನಡುವೆ ಗುಟುಕು ನೀರು, ಮುಗಿದ ಮೇಲೆ ಉಪ್ಪು ಹಾಕಿದ ಮಜ್ಜಿಗೆ ಅಥವಾ ಎಳನೀರು ಇಷ್ಟು ಸಾಕು; ಮುಕ್ಕಾಲು ಗಂಟೆಯ ತರಗತಿಗೆ ಬಣ್ಣಬಣ್ಣದ ಸಿಹಿ ಪಾನೀಯಗಳು ಬೇಕಿಲ್ಲ.

ಸದ್ದಿನ ಕಡೆಗೆ ಗಮನ ಕೊಡುವವರು ಕಡಿಮೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಶಿಫಾರಸಿನ ಪ್ರಕಾರ 85 ಡೆಸಿಬೆಲ್ ಸದ್ದಿನಲ್ಲಿ ಎಂಟು ಗಂಟೆ ಇರಬಹುದು, ಸದ್ದು 3 ಡೆಸಿಬೆಲ್ ಏರಿದಂತೆಲ್ಲ ಆ ಅವಧಿ ಅರ್ಧಕ್ಕಿಳಿಯುತ್ತದೆ, 100 ಡೆಸಿಬೆಲ್ಲಿಗೆ ಬರುವ ಹೊತ್ತಿಗೆ ಉಳಿಯುವುದು ಹದಿನೈದೇ ನಿಮಿಷ. ತರಗತಿ ಮುಗಿದ ಮೇಲೆ ಕಿವಿಯಲ್ಲಿ ಗುಂಯ್ ಎನ್ನುತ್ತಿದ್ದರೆ ಸದ್ದು ಮಿತಿ ಮೀರಿತ್ತೆಂದೇ ಅರ್ಥ. ವಾರಕ್ಕೆ ಮೂರು ದಿನ ಹೋಗುವವರು, ಅದಕ್ಕಿಂತ ಮುಖ್ಯವಾಗಿ ದಿನಕ್ಕೆ ಮೂರು ನಾಲ್ಕು ತರಗತಿ ನಡೆಸುವ ತರಬೇತುದಾರರು, ಕಿವಿಗೆ ಫೋಮಿನ ಬಿರಡೆ ಹಾಕಿಕೊಳ್ಳುವುದು ವಿವೇಕ.

ಹೃದ್ರೋಗ, ಹತೋಟಿಯಲ್ಲಿಲ್ಲದ ರಕ್ತದೊತ್ತಡ, ನಡೆಯುವಾಗ ಎದೆನೋವು ಅಥವಾ ತಲೆಸುತ್ತು, ಇತ್ತೀಚಿನ ಶಸ್ತ್ರಚಿಕಿತ್ಸೆ, ಗರ್ಭಾವಸ್ಥೆ ಇವುಗಳಲ್ಲಿ ಯಾವುದಿದ್ದರೂ ಮೊದಲು ವೈದ್ಯರ ಸಲಹೆ ಬೇಕು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಸಕ್ಕರೆಯನ್ನು ಬೇಗ ಇಳಿಸುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ತರಗತಿಯ ನಡುವೆಯೋ ಆ ರಾತ್ರಿಯೋ ಸಕ್ಕರೆ ಮಟ್ಟ ಥಟ್ಟನೆ ಕುಸಿಯಬಹುದಾದ್ದರಿಂದ, ಅವರ ಬಳಿ ಗ್ಲೂಕೋಸ್ ಅಥವಾ ಬೆಲ್ಲದ ಚೂರು ಇರಲೇಬೇಕು. ಮಂಡಿ ಸವೆತದಿಂದ ಓಡಲು, ವೇಗವಾಗಿ ನಡೆಯಲು ಆಗದವರಿಗೆ ಮಾತ್ರ ಈ ವ್ಯಾಯಾಮ ವಿಶೇಷವಾಗಿ ಒಗ್ಗುತ್ತದೆ, ಏಕೆಂದರೆ ಮೈಭಾರವನ್ನು ಸೀಟು ಹೊರುತ್ತದೆ, ಹೆಜ್ಜೆ ಹೆಜ್ಜೆಗೂ ನೆಲದ ಪೆಟ್ಟು ಕೀಲಿಗೆ ಬೀಳುವುದಿಲ್ಲ. ಆ ಪೆಟ್ಟು ಇಲ್ಲದಿರುವುದರ ಇನ್ನೊಂದು ಮುಖವೆಂದರೆ ಮೂಳೆ ಗಟ್ಟಿಯಾಗಲು ಬೇಕಾದ ಪ್ರಚೋದನೆಯೂ ಇಲ್ಲಿ ಸಿಗುವುದಿಲ್ಲ. ಐವತ್ತರ ಆಸುಪಾಸಿನ ಹೆಂಗಸರು ಇದರ ಜೊತೆಗೆ ನಡಿಗೆ ಮತ್ತು ತೂಕ ಎತ್ತುವ ವ್ಯಾಯಾಮವನ್ನು ಇಟ್ಟುಕೊಳ್ಳಬೇಕು. ತುಳಿಯುತ್ತಲೇ ಡಂಬೆಲ್ ಎತ್ತಿಸುವುದು, ಹ್ಯಾಂಡಲಿನ ಮೇಲೆ ದಂಡ ಹೊಡೆಸುವುದು ಕೆಲವು ತರಗತಿಗಳಲ್ಲಿ ರೂಢಿಯಲ್ಲಿದೆ. ತಿರುಗುವ ಫ್ಲೈವೀಲಿನ ಮೇಲೆ ಹಿಡಿತವಿಲ್ಲದೆ ಮಾಡುವ ಇಂತಹ ಕಸರತ್ತಿನಿಂದ ಸ್ನಾಯುವಿಗೆ ಸಿಗುವ ಲಾಭ ಅತ್ಯಲ್ಪ, ಬೆನ್ನಿಗೂ ಭುಜಕ್ಕೂ ಆಗಬಹುದಾದ ಹಾನಿ ಹೆಚ್ಚು.

ಮೊದಲ ತಿಂಗಳು ವಾರಕ್ಕೆ ಎರಡು ತರಗತಿ, ನಡುವೆ ಕನಿಷ್ಠ ಎರಡು ದಿನಗಳ ಬಿಡುವು, ಆಮೇಲೆ ಮೂರು ತರಗತಿ ಎಂಬುದು ಹೆಚ್ಚಿನವರಿಗೆ ಹೊಂದುವ ಕ್ರಮ. ವಾರಕ್ಕೆ 75ರಿಂದ 150 ನಿಮಿಷ ತೀವ್ರ ಶ್ರಮ ಅಥವಾ 150ರಿಂದ 300 ನಿಮಿಷ ಸಾಧಾರಣ ಶ್ರಮ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ವಯಸ್ಕರಿಗೆ ಹೇಳಿರುವ ಪ್ರಮಾಣದ ಬಹುಭಾಗ ಇದರಿಂದಲೇ ಪೂರೈಸುತ್ತದೆ. ಪ್ರಗತಿಯನ್ನು ತೂಕದ ಯಂತ್ರದ ಮೇಲೆ ಹುಡುಕುವವರು ಬೇಗ ನಿರಾಶರಾಗುತ್ತಾರೆ, ಏಕೆಂದರೆ ವ್ಯಾಯಾಮದಿಂದ ಹಸಿವೂ ಹೆಚ್ಚುತ್ತದೆ, ತೂಕ ನಿಧಾನವಾಗಿಯೇ ಇಳಿಯುತ್ತದೆ. ಅದಕ್ಕಿಂತ ನಂಬಿಕಸ್ತ ಪರೀಕ್ಷೆಯೊಂದಿದೆ: ಅದೇ ಸೈಕಲ್ಲು, ನಾಬಿನ ಅದೇ ಭಾರ, ನಿಮಿಷಕ್ಕೆ ಅದೇ 80 ಸುತ್ತು ಇಟ್ಟುಕೊಂಡು ಐದು ನಿಮಿಷ ತುಳಿದಾಗಿನ ಎದೆಬಡಿತವನ್ನು ಮೊದಲ ವಾರದಲ್ಲೊಮ್ಮೆ, ಎಂಟನೆಯ ವಾರದಲ್ಲೊಮ್ಮೆ ಬರೆದಿಟ್ಟುಕೊಂಡು ಹೋಲಿಸಬೇಕು. ನಿಯಮಿತವಾಗಿ ಹೋದವರಲ್ಲಿ ಎರಡನೆಯ ಅಂಕಿ ಕೆಳಗಿರುತ್ತದೆ. ರಕ್ತದ ಪ್ರಮಾಣ ಹೆಚ್ಚಿ, ಹೃದಯದ ಎಡ ಕೋಣೆ ಒಂದೊಂದು ಬಡಿತಕ್ಕೂ ಮೊದಲಿಗಿಂತ ಹೆಚ್ಚು ರಕ್ತವನ್ನು ಹೊರತಳ್ಳತೊಡಗಿರುವುದರಿಂದ, ಅದೇ ಕೆಲಸಕ್ಕೆ ಅದು ಮೊದಲಿನಷ್ಟು ಸಲ ಬಡಿದುಕೊಳ್ಳಬೇಕಾಗಿರುವುದಿಲ್ಲ.